ಗೆರೆಯೊಳಗೆ ಮುಳುಗಿದ ಹಡಗು

ಮೋಜಣಿ ಇಲಾಖೆಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದ ನಮ್ಮ ನಕ್ಷೆಗಾರರಿಗೆ ಕಚೇರಿಯಲ್ಲಿ ‘ಕೂದಲೆಳೆ’ ಎಂದು ಅಡ್ಡಹೆಸರು. ಅಷ್ಟು ಸಣ್ಣ ಗೆರೆ ಎಳೆಯುವ ಕೈ ಸುತ್ತಮುತ್ತಲಲ್ಲಿ ಇನ್ನೊಂದಿಲ್ಲ. ಇದು ಊರಿನ ಮಾತಲ್ಲ, ಅವರದೇ ಮಾತು; ಊರು ಕೇಳಿ ಕೇಳಿ ಒಪ್ಪಿಕೊಂಡಿತ್ತು. ಬೇರೆಯವರ ನಕ್ಷೆಯಲ್ಲಿ ತಪ್ಪು ಕಂಡರೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಬಾಗಿಲ ಪಕ್ಕದ ಹಲಗೆಗೆ ಚುಚ್ಚಿ, ಮೇಲೆ ‘ನೋಡಿ ಕಲಿಯಿರಿ’ ಎಂದು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಸಹೋದ್ಯೋಗಿಗಳು ಬೆಳಿಗ್ಗೆ ಮೊದಲು ಆ ಹಲಗೆ ನೋಡಿ, ತಮ್ಮ ಮರ್ಯಾದೆ ಉಳಿದಿದೆಯೋ ಇಲ್ಲವೋ ತಿಳಿದುಕೊಂಡು, ಆಮೇಲೆ ಕುರ್ಚಿಗೆ ಹೋಗುತ್ತಿದ್ದರು. ಈಗ ಅದನ್ನೆಲ್ಲ ನೆನೆಸಿಕೊಂಡರೆ ನಕ್ಷೆಗಾರರಿಗೆ ತಮ್ಮ ಕಿವಿಯನ್ನು ತಾವೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ. ಈ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವವರು ಅವರೇ. ಅವರು ತಮ್ಮನ್ನು ಬೈದುಕೊಳ್ಳುವುದಕ್ಕಿಂತ ನಾನು ಸ್ವಲ್ಪ ಕಡಿಮೆ ಬೈಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಅವರ ಜೀವಮಾನದ ಕೆಲಸ ಎಂದರೆ ಕಡಲಡಿಯ ಗಡಿ ನಕ್ಷೆ. ಹನ್ನೊಂದು ವರ್ಷಗಳ ಹಿಂದೆ, ದೋಣಿಗಳ ತಳ ಕೆರೆದು ಪಾಚಿ ತೆಗೆಯುವ ಮುಳುಗುಗಾರ್ತಿಯೊಬ್ಬಳು ಬಂದರಿನ ಬಾಯಿಯ ಹತ್ತಿರ ಮರಳಿನಲ್ಲಿ ಅರ್ಧ ಹೂತಿದ್ದ ಮರದ ಹಡಗೊಂದನ್ನು ಕಂಡಳು. ಇನ್ನೂರು ವರ್ಷಕ್ಕೂ ಹಳೆಯದು, ಇಪ್ಪತ್ತೆರಡು ಮೀಟರ್ ಉದ್ದ, ಹೊಟ್ಟೆಯ ತುಂಬ ಮಣ್ಣಿನ ಜಾಡಿಗಳು. ಅದನ್ನು ಕಾಯುವವರು ಯಾರು? ಹಳೆಯದಾದ್ದರಿಂದ ಪುರಾತತ್ವ ಇಲಾಖೆಯವರು ಕಾಯಬೇಕು. ನೀರಿನಲ್ಲಿರುವುದರಿಂದ ಬಂದರು ಇಲಾಖೆಯವರು ಕಾಯಬೇಕು. ಎರಡೂ ಇಲಾಖೆಯವರು ಉದ್ದನೆಯ ಮೇಜಿನ ಸುತ್ತ ಕೂತು ಒಪ್ಪಂದ ಮಾಡಿಕೊಂಡರು: ದೀಪಸ್ತಂಭದಿಂದ ದೂರದ ಒಂಟಿ ಬಂಡೆಯವರೆಗೆ ನೇರ ಗೆರೆ, ಗೆರೆಯಿಂದ ಆಚೆ ಕಡಲಡಿಯಲ್ಲಿ ಹಳೆಯದೇನಿದ್ದರೂ ಪುರಾತತ್ವದವರ ಹೊಣೆ, ಈಚೆ ಇದ್ದರೆ ಬಂದರಿನವರ ಹೊಣೆ. ಹಡಗು ಎದುರಿನವರ ಪಾಲಿಗೆ ಹೋಯಿತು ಎಂದು ಇಬ್ಬರೂ ಒಳಗೊಳಗೇ ಖುಷಿಪಟ್ಟರು. ಎರಡು ಇಲಾಖೆಗಳು ಅಷ್ಟು ಒಮ್ಮತದಿಂದ ಸಹಿ ಹಾಕಿದ್ದನ್ನು ಆ ಕೋಣೆ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಸಭೆಗೆ ನಕ್ಷೆಗಾರರು ಎಂದಿನಂತೆ ಕೂದಲೆಳೆಯ ಗೆರೆ ಎಳೆದು ತಂದಿದ್ದರು. ಬಂದರು ಇಲಾಖೆಯ ಅಧಿಕಾರಿ ಕನ್ನಡಕ ಏರಿಸಿದರು, ಇಳಿಸಿದರು.

“ಗೆರೆ ಎಲ್ರೀ?”

“ನನಗೂ ಏನೂ ಕಾಣಿಸ್ತಿಲ್ಲ,” ಎಂದು ಪುರಾತತ್ವದ ಅಧಿಕಾರಿ ದನಿಗೂಡಿಸಿದರು. ಸಭೆ ನಕ್ಕಿತು.

ನಕ್ಷೆಗಾರರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಜೇಬಿನಿಂದ ದಪ್ಪ ನಿಬ್ಬಿನ ಪೆನ್ನು ತೆಗೆದು, ಎಲ್ಲರೂ ನೋಡುತ್ತಿರುವಾಗಲೇ, ಅದೇ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯಲು ಬಾಗಿದರು. ಆಗ ಒಂದು ಕ್ಷಣ ಅವರ ಕಣ್ಣಿಗೆ ಬಿದ್ದಿತ್ತು: ಸಣ್ಣ ಗೆರೆ ಹಡಗಿನ ಪುಟ್ಟ ಗುರುತಿನ ನಡುಹೊಟ್ಟೆಯ ಮೇಲೇ ಹಾದಿದೆ. ಹೇಳಬೇಕು ಅಂದುಕೊಂಡರು. ಆದರೆ ಕೈ ಆಗಲೇ ಹೊರಟಿತ್ತು. ಒಂದೇ ಉಸಿರಿಗೆ, ಒಂದು ತೊಟ್ಟು ಇಂಕು ಚೆಲ್ಲದೆ, ಈ ತುದಿಯಿಂದ ಆ ತುದಿಗೆ ಕಪ್ಪು ಗೆರೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಮಧ್ಯೆ ತಮ್ಮ ಕೆಲಸದ ಮೇಲೆ ತಾವೇ ತಕರಾರು ತೆಗೆಯುವಷ್ಟು ದೊಡ್ಡ ಮನುಷ್ಯರು ಅವರಾಗಿರಲಿಲ್ಲ. ಕೆಳಗೆ ತಮ್ಮ ಸಹಿ ಹಾಕಿ, ಸಹಿಯ ಕೆಳಗೂ ಒಂದು ಗೆರೆ ಎಳೆದರು.

ನಕ್ಷೆ ಚೌಕಟ್ಟು ಹಾಕಿಸಿಕೊಂಡು ಮೂರು ಕಚೇರಿಗಳ ಗೋಡೆ ಏರಿತು. ಹನ್ನೊಂದು ವರ್ಷ ಯಾರಿಗೂ ಅದರ ಅಗತ್ಯ ಬೀಳಲಿಲ್ಲ. ಹಾಗಾಗಿ ಅದು ಬಹಳ ಒಳ್ಳೆಯ ನಕ್ಷೆ ಎಂದು ಹೆಸರಾಯಿತು.

ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. ಒಂದು ಶುಕ್ರವಾರ ಆ ಮುಳುಗುಗಾರ್ತಿ ನಕ್ಷೆ ವಿಭಾಗದ ಬಾಗಿಲಲ್ಲಿ ಬಂದು ನಿಂತಳು. ಐವತ್ತರ ಆಸುಪಾಸಿನ ಹೆಂಗಸು. ಬೆರಳುಗಳ ಮೇಲೆಲ್ಲ ಚಿಪ್ಪು ಗೀರಿದ ಗಾಯದ ಗುರುತು.

“ಗೋಡೆ ಮೇಲಿನ ಈ ನಕ್ಷೆ ಬರೆದೋರು ನೀವೇನಾ ಸಾರ್?”

ನಕ್ಷೆಗಾರರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಹೊಗಳಿಕೆ ಬರುವಾಗ ಕೂತಿರಬಾರದು ಎಂಬುದು ಅವರ ಶಿಸ್ತು.

“ನಾನೇ ಅಮ್ಮಾ. ಹೇಗಿದೆ?”

“ಚೆನ್ನಾಗಿದೆ. ಹಡಗು ಯಾರ ಕಡೆ ಇದೆ ಅಂತ ಸ್ವಲ್ಪ ತೋರಿಸ್ತೀರಾ? ಎಂಟು ವಾರದಿಂದ ಓಡಾಡ್ತಿದೀನಿ. ಬಂದರಿನವರನ್ನ ಕೇಳಿದ್ರೆ ಈ ನಕ್ಷೆ ತೋರಿಸಿ ಪುರಾತತ್ವದವರದು ಅಂತಾರೆ. ಅವರನ್ನ ಕೇಳಿದ್ರೆ ಇದೇ ನಕ್ಷೆ ತೋರಿಸಿ ಬಂದರಿನವರದು ಅಂತಾರೆ.”

ವಿಷಯ ಇಷ್ಟು: ಬಂದರಿನ ಬಾಯಿ ಅಗಲ ಮಾಡಲು ಹೂಳೆತ್ತುವ ಡ್ರೆಡ್ಜರ್ ಬಂದಿತ್ತು. ಅದರ ಜೊತೆ ಹೂಳು ಹೊರುವ ಬಾರ್ಜು ದೋಣಿ ಲಂಗರು ಹಾಕುವ ಜಾಗ ದಿನದಿನಕ್ಕೆ ಹಡಗಿಗೆ ಹತ್ತಿರವಾಗುತ್ತಿತ್ತು. ಬುಧವಾರ ಡ್ರೆಡ್ಜರ್ ಹಡಗು ಇರುವ ಜಾಗಕ್ಕೇ ಬರುವುದಿತ್ತು. ಹೊಣೆ ಹೊತ್ತ ಇಲಾಖೆ ಒಂದು ಕಾಗದ ಕೊಟ್ಟರೆ ಅದು ಪಕ್ಕಕ್ಕೆ ಸರಿಯುತ್ತದೆ. ಹೊಣೆ ಹೊತ್ತ ಇಲಾಖೆ ಯಾವುದು ಎಂಬುದೇ ಪೀಕಲಾಟ.

ನಕ್ಷೆಗಾರರು ಬಲು ಠೀವಿಯಿಂದ ಬೆರಳು ಚಾಚಿದರು. ಬೆರಳು ಗೆರೆಯವರೆಗೆ ಹೋಗಿ ನಿಂತಿತು. ಭೂತಗನ್ನಡಿ ತಂದು ನೋಡಿದರು. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಕಡಲಿನಲ್ಲಿ ಇಪ್ಪತ್ತೈದು ಮೀಟರ್. ಗೆರೆಯ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ಇಪ್ಪತ್ತೆರಡು ಮೀಟರಿನ ಹಡಗು ಅವರ ಇಂಕಿನೊಳಗೆ ತಲೆಯಿಂದ ಕಾಲಿನವರೆಗೆ ಮುಳುಗಿತ್ತು. ಗೆರೆಯ ಆಚೆಯೂ ಇಲ್ಲ, ಈಚೆಯೂ ಇಲ್ಲ.

“ಏನಾಯ್ತು ಸಾರ್?”

“ಸೋಮವಾರ ನೋಡೋಣ ಅಮ್ಮಾ,” ಅಂದರು ನಕ್ಷೆಗಾರರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ನಮ್ಮ ವಿಭಾಗದಲ್ಲಿ ಯಾರೋ ಒಬ್ಬರು ಹೀಗೆ ಮಾಡಿಬಿಟ್ಟಿದ್ದಾರೆ, ಪಾಪ, ಎಂಬ ಧಾಟಿಯಲ್ಲಿ. ಆಕೆ ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿದರು.

“ರೀ, ಆ ಯಾರೋ ಒಬ್ಬರು ನೀವೇ ತಾನೇ?”

“ನಿನಗೆ ಹೇಗೆ ಗೊತ್ತಾಯ್ತು?”

“ಬೇರೆಯವರ ತಪ್ಪಿಗೆ ನೀವು ಪಾಪ ಅಂದಿದ್ದು ಇವತ್ತೇ ಮೊದಲು.”

ಶನಿವಾರ, ಭಾನುವಾರ ಎರಡೂ ದಿನ ಅವರು ತಪ್ಪೊಪ್ಪಿಗೆಯ ಪತ್ರ ಬರೆದರು. ಮೊದಲ ಕರಡಿನಲ್ಲಿ ತಪ್ಪು ನಿಬ್ಬಿನದಾಗಿತ್ತು. ಎರಡನೆಯದರಲ್ಲಿ ಅಧಿಕಾರಿಗಳ ಕಣ್ಣಿನದು. ಮೂರನೆಯದರಲ್ಲಿ ‘ಅಂದಿನ ಸಂದರ್ಭ’ ಎಂಬುದೊಂದು ತಪ್ಪು ಮಾಡಿ ಓಡಿಹೋಗಿತ್ತು. ಹೆಂಡತಿ ಮೂರನ್ನೂ ಓದಿ, ಹಾಳೆಗಳನ್ನು ತಿರುಗಿಸಿ ಹಿಂಬದಿಯಲ್ಲಿ ಅಗಸರಿಗೆ ಕೊಡುವ ಬಟ್ಟೆಯ ಪಟ್ಟಿ ಬರೆದರು. ನಾಲ್ಕನೆಯದರಲ್ಲಿ ಎರಡೇ ಸಾಲು: ಗೆರೆ ದಪ್ಪವಾಗಿದೆ, ಹಡಗು ಅದರೊಳಗಿದೆ. ತಪ್ಪು ನನ್ನದು.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡ ತಪ್ಪು. ಸೋಮವಾರ ಬೆಳಿಗ್ಗೆ ಅದನ್ನು ಎದೆಗವಚಿಕೊಂಡು ಹೊರಟರು. ತಗೊಳ್ಳುವವರು ಯಾರೂ ಇಲ್ಲ!

ಬಂದರು ಅಧಿಕಾರಿ ಓದಿ ತಲೆಯಾಡಿಸಿದರು. “ನಿಮ್ಮ ನಕ್ಷೆ ತಪ್ಪು ಅಂದ್ರೆ, ಅದನ್ನ ನಂಬಿ ನಾವು ಬರೆದ ಒಂಬತ್ತು ಪತ್ರಾನೂ ತಪ್ಪು ಅಂತಾಯ್ತಲ್ರೀ. ನಿಮ್ಮ ನಕ್ಷೆ ಸರಿಯಾಗೇ ಇದೆ. ಸುಮ್ನೆ ಕೊರಗಬೇಡಿ.”

ಪುರಾತತ್ವದ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿದರು. “ನೀವು ಮೋಜಣಿಯವರು. ನಿಮ್ಮ ತಪ್ಪು ನಮ್ಮ ವ್ಯಾಪ್ತಿಗೆ ಬರಲ್ಲ.”

ಅವರದೇ ಇಲಾಖೆಯ ಟಪಾಲು ಗುಮಾಸ್ತರು ಮೊಹರನ್ನು ಎತ್ತಿದವರು ಗಾಳಿಯಲ್ಲೇ ಹಿಡಿದರು. “ದೂರಿಗೆ ಒಂದು ಕಟ್ಟು ಇದೆ, ಮನವಿಗೆ ಒಂದು ಕಟ್ಟು ಇದೆ. ಇದನ್ನ ಯಾವುದರಲ್ಲಿ ಇಡಲಿ ಸಾರ್? ತಪ್ಪಾಯ್ತು ಅಂತ ಇಲ್ಲಿ ಯಾರೂ ಬರೆದುಕೊಟ್ಟೇ ಇಲ್ಲ.”

ಸಂಜೆಯ ಹೊತ್ತಿಗೆ ನಕ್ಷೆಗಾರರು ಆ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಬೆಪ್ಪನಂತೆ ಕೂತಿದ್ದರು. ಹಡಗಿಗಾದರೂ ಎರಡು ಇಲಾಖೆಗಳಿದ್ದವು. ಅವರ ತಪ್ಪಿಗೆ ಒಂದೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಅವರಿಗೆ ನಿಯಮವೊಂದು ಹೊಳೆಯಿತು. ನಕ್ಷೆಯಲ್ಲಿ ದೋಷ ಕಂಡರೆ ಅದನ್ನು ಬರೆದವನೇ ರದ್ದು ಮಾಡಬಹುದು. ಯಾರ ಅನುಮತಿಯೂ ಬೇಡ. ರದ್ದಾದ ನಕ್ಷೆಯಲ್ಲಿರುವ ಜಾಗದಿಂದ, ಹೊಸ ಅಳತೆ ಆಗಿ ಹೊಸ ನಕ್ಷೆ ಬರುವವರೆಗೆ, ಒಂದು ಬುಟ್ಟಿ ಮಣ್ಣನ್ನೂ ಎತ್ತುವಂತಿಲ್ಲ. ಈ ನಿಯಮ ಅವರಿಗೆ ಬಾಯಿಪಾಠ. ಕೈಕೆಳಗಿನ ಏಳು ಜನರಿಂದ ಅವರವರ ನಕ್ಷೆಯನ್ನು ಅವರವರ ಕೈಯಲ್ಲೇ ರದ್ದು ಮಾಡಿಸಿದ್ದರು, ಪಕ್ಕದಲ್ಲಿ ನಿಂತು, ಮೊಹರು ಓರೆಯಾಗಿ ಬಿತ್ತೆಂದು ಬೈದು.

ಗೋಡೆಯಿಂದ ಚೌಕಟ್ಟು ಇಳಿಸಿದರು. ಗಾಜು ತೆಗೆದು ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಹನ್ನೊಂದು ವರ್ಷದ ಮೇಲೂ ಇಂಕು ಮಿರಿಮಿರಿ ಮಿಂಚುತ್ತಿತ್ತು. ಎಂಥ ಗೆರೆ, ಎಂದು ಒಳಗಿನ ಮೂರ್ಖ ಇನ್ನೊಂದು ಸಲ ಹಿಗ್ಗಿದ. ಕಣ್ಣು ಮುಚ್ಚಿ ತಮ್ಮ ಸಹಿಯ ಮೇಲೇ ‘ರದ್ದು’ ಎಂದು ಮೊಹರು ಒತ್ತಿದರು. ಸಾಲದೆಂಬಂತೆ ಅದರ ಒಂದು ಪ್ರತಿಗೆ ಕೆಂಪು ಸುತ್ತು ಹಾಕಿ ಬಾಗಿಲ ಪಕ್ಕದ ಹಲಗೆಗೆ ತಾವೇ ಚುಚ್ಚಿದರು. ಐದು ನಿಮಿಷದಲ್ಲಿ ಇಡೀ ವಿಭಾಗ ಹಲಗೆಯ ಮುಂದೆ ಸೇರಿತು. ಒಬ್ಬರಂತೂ ಕುರ್ಚಿ ತಂದು ಹಾಕಿಕೊಂಡು ಕೂತು ನೋಡಿದರು.

ಬುಧವಾರ ಡ್ರೆಡ್ಜರ್ ಸುಮ್ಮನೆ ನಿಂತಿತು. ಬಂದರಿನವರು ಬೈದರು, ಹೂಳೆತ್ತುವ ಕೆಲಸದವರು ಬೈದರು, ಮೇಲಧಿಕಾರಿ ಕರೆಸಿ ಬಾಗಿಲು ಹಾಕಿಕೊಂಡು ಬೈದರು. ಯಾರು ಎಷ್ಟು ಬೈದರೂ ಹೊಸ ಅಳತೆ ಆಗಲೇಬೇಕಿತ್ತು. ಶುಕ್ರವಾರ ಎರಡೂ ಇಲಾಖೆಯ ಅಧಿಕಾರಿಗಳು, ನಕ್ಷೆಗಾರರು ಮತ್ತು ಮುಳುಗುಗಾರ್ತಿ ಒಂದೇ ದೋಣಿ ಹತ್ತಿದರು.

ಹನ್ನೊಂದು ವರ್ಷ ಕಡಲಿನ ನಕ್ಷೆಯಿಂದ ಹೆಸರು ಮಾಡಿದ ಮನುಷ್ಯ ಕಡಲಿಗೆ ಇಳಿದದ್ದು ಅಂದೇ ಮೊದಲು. ಬಂದರು ದಾಟುವ ಮುಂಚೆಯೇ ಹೊಟ್ಟೆ ತೊಳಸಿ, ದೋಣಿಯ ಅಂಚಿಗೆ ಬಾಗಿ, ಬೆಳಗಿನ ತಿಂಡಿಯನ್ನು ಪುರಾತತ್ವದ ವ್ಯಾಪ್ತಿಗೆ ಸ್ವಲ್ಪ, ಬಂದರಿನ ವ್ಯಾಪ್ತಿಗೆ ಸ್ವಲ್ಪ ಹಂಚಿದರು. ಜಾಗ ಬಂದಾಗ ಮುಳುಗುಗಾರ್ತಿ ತಳಕ್ಕೆ ಗಾಜು ಕೂರಿಸಿದ ಮರದ ಪೆಟ್ಟಿಗೆಯೊಂದನ್ನು ಅವರ ಕೈಗೆ ಕೊಟ್ಟು, ನೀರಿಗೆ ಒತ್ತಿ ಹಿಡಿದು ನೋಡಲು ಹೇಳಿ, ಅಳತೆಯ ಹಗ್ಗದ ತುದಿ ಹಿಡಿದು ಮುಳುಗಿದಳು.

ನಕ್ಷೆಗಾರರು ನೋಡಿದರು. ಹಸಿರು ಬೆಳಕಿನಲ್ಲಿ ಮರಳಿನ ಮೇಲೆ ಹಡಗಿನ ಪಕ್ಕೆಲುಬುಗಳು ಒಂದರ ಪಕ್ಕ ಒಂದು ನಿಂತಿದ್ದವು. ಅವುಗಳ ನಡುವೆ ಸಣ್ಣ ಮೀನುಗಳು ಬಂದು ಹೋಗುತ್ತಿದ್ದವು. ಎಷ್ಟು ದೊಡ್ಡದಿತ್ತು ಅದು! ಅವರು ಅದನ್ನು ಯಾವತ್ತೂ ಸಾಸಿವೆ ಗಾತ್ರದ ಗುರುತು ಎಂದು ಬಿಟ್ಟು ಬೇರೆ ಏನೂ ಅಂದುಕೊಂಡಿರಲಿಲ್ಲ. ಆಮೇಲೆ ನಡು ಕಂಡಿತು. ಅಲ್ಲಿ ಪಕ್ಕೆಲುಬುಗಳಿರಲಿಲ್ಲ. ಲಂಗರು ಎಳೆದ ಉದ್ದನೆಯ ಗೀರು, ಮುರಿದ ಮರ, ಒಡೆದ ಜಾಡಿಗಳು.

ಮುಳುಗುಗಾರ್ತಿ ಮೇಲೆ ಬಂದು ದೋಣಿಯ ಅಂಚು ಹಿಡಿದು ಏದುಸಿರು ಬಿಟ್ಟಳು.

“ಎರಡು ತುಂಡಾಗಿದೆ ಸಾರ್. ಭಾನುವಾರ ಇಡಿಯಾಗೇ ಇತ್ತು. ನಾನೇ ನೋಡಿ ಹೋಗಿದ್ದೆ.”

ಭಾನುವಾರ. ಅವರು ಮೂರನೆಯ ಕರಡು ಬರೆಯುತ್ತಿದ್ದ ದಿನ. ಶುಕ್ರವಾರವೇ ಮೊಹರು ಒತ್ತಿದ್ದರೆ ಬಾರ್ಜು ಆ ಜಾಗದಲ್ಲಿ ಇರುತ್ತಲೇ ಇರಲಿಲ್ಲ. ನಿಯಮ ಮಂಗಳವಾರ ಹೊಳೆಯಿತು ಎಂದು ಮೇಲೆ ಹೇಳಿದೆನಲ್ಲ, ಅದು ಅವರು ಊರಿಗೆ ಹೇಳುವ ಮಾತು. ನಿಯಮ ಶುಕ್ರವಾರವೇ ನೆನಪಿತ್ತು. ಬೇರೆ ದಾರಿ ಇದ್ದೀತು ಎಂದು ನಾಲ್ಕು ದಿನ ಹುಡುಕಿದ್ದರು. ಇದನ್ನು ಅವರು ಹೆಂಡತಿಯನ್ನು ಬಿಟ್ಟರೆ ನನಗೊಬ್ಬನಿಗೇ ಹೇಳಿದ್ದು. ಹೇಳುವಾಗ ನಗಲಿಲ್ಲ.

ಅಧಿಕಾರಿಗಳಿಬ್ಬರ ಮುಖ ಮಾತ್ರ ಅರಳಿತ್ತು.

“ಹಾಗಾದ್ರೆ ಸುಲಭ ಆಯ್ತಲ್ರೀ,” ಅಂದರು ಬಂದರು ಅಧಿಕಾರಿ. “ಆ ತುಂಡು ನಿಮ್ಮದು, ಈ ತುಂಡು ನಮ್ಮದು. ನಡುವೆ ಸಣ್ಣದಾಗಿ ಒಂದು ಗೆರೆ.”

“ಆಗಬಹುದು,” ಅಂದರು ಪುರಾತತ್ವದ ಅಧಿಕಾರಿ. ಹನ್ನೊಂದು ವರ್ಷಗಳ ಮೇಲೆ ಇಬ್ಬರೂ ಕೈ ಕುಲುಕಿದರು.

“ಇದು ಒಂದೇ ಹಡಗಲ್ವಾ ಸಾರ್?” ಎಂದು ಮುಳುಗುಗಾರ್ತಿ ನಕ್ಷೆಗಾರರನ್ನು ಕೇಳಿದಳು. ಅವರು ಅವಳ ಮುಖ ನೋಡಲಾರದೆ ಮತ್ತೆ ಅಂಚಿಗೆ ಬಾಗಿದರು. ಈ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಸೋಮವಾರ ನಕ್ಷೆಗಾರರು ಅದೇ ಉದ್ದನೆಯ ಮೇಜಿನ ಮೇಲೆ ತಮ್ಮ ಹೊಸ ನಕ್ಷೆ ಬಿಚ್ಚಿದರು. ಡ್ರೆಡ್ಜರ್ ಕಾಯುತ್ತಿದ್ದುದರಿಂದ ಇಬ್ಬರೂ ಅಧಿಕಾರಿಗಳು ಅವಸರದಲ್ಲಿದ್ದರು. ದೀಪಸ್ತಂಭದಿಂದ ಹೊರಟ ಗೆರೆ ಹಡಗಿನ ಹತ್ತಿರ ಬಂದು ನಿಂತಿತ್ತು. ಎರಡೂ ತುಂಡುಗಳನ್ನು, ಅವುಗಳ ನಡುವೆ ಚೆಲ್ಲಿದ ಜಾಡಿಗಳನ್ನು ಸೇರಿಸಿ ಒಂದೇ ಹಡಗಿನ ಗುರುತು ಬರೆದಿದ್ದರು. ಸುತ್ತ ಬಿಳಿ ಜಾಗ. ಅದರ ಆಚೆಯಿಂದ ಗೆರೆ ಮತ್ತೆ ಹೊರಟು ಒಂಟಿ ಬಂಡೆ ಮುಟ್ಟಿತ್ತು. ಗೆರೆಯಿಲ್ಲದ ಕಡೆ ಆಚೆ ಈಚೆ ಎಂಬುದಿಲ್ಲ. ಅಲ್ಲಿ ಲಂಗರು ಹಾಕಬೇಕಾದರೂ, ಮರಳು ಮುಟ್ಟಬೇಕಾದರೂ ಎರಡು ಇಲಾಖೆಯ ಸಹಿಯೂ ಬೇಕು.

“ಗೆರೆ ಇಲ್ಲಿ ಬಿಟ್ಟುಹೋಗಿದೆಯಲ್ರೀ?” ಎಂದರು ಬಂದರು ಅಧಿಕಾರಿ.

“ಹೌದು ಸಾರ್. ಹಡಗು ಅಡ್ಡ ಇತ್ತು.”

“ಹೀಗೆ ಬಿಡೋ ಹಾಗಿಲ್ಲ. ಇದು ತಪ್ಪಾಗತ್ತೆ.”

“ತಪ್ಪು ನನ್ನದು ಅಂತ ಬರೆದುಕೊಳ್ಳಿ ಸಾರ್,” ಅಂದರು ನಕ್ಷೆಗಾರರು. “ಆದರೆ ಇದನ್ನ ನಾನು ರದ್ದು ಮಾಡಲ್ಲ.”

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯ ಆಚೆ ಡ್ರೆಡ್ಜರ್ ಒಂದು ಸಲ ಸೀಟಿ ಹಾಕಿತು. ಇಬ್ಬರೂ ಜೇಬು ತಡಕಿದರು, ಒಬ್ಬರ ಹತ್ತಿರವೇ ಪೆನ್ನಿತ್ತು, ಅದರಲ್ಲೇ ಇಬ್ಬರೂ ಸಹಿ ಮಾಡಿದರು.