ತೊಳೆಯದೆ ಬಿಟ್ಟ ತಗಡು

ಗುರುಕಿರಣನಿಗೆ ತೊಳೆಯುವ ಹುಚ್ಚು. ಹುಚ್ಚು ಎಂದರೆ ಅವನಿಗೆ ಸಿಟ್ಟು ಬರುತ್ತದೆ, ಬರಲಿ. ಕುಂದಾಪುರದ ಕಡೆಯಿಂದ ಹೋಗಿ ಸೂರತ್‌ನಲ್ಲಿ ಉಡುಪಿ ಹೋಟೆಲು ಇಟ್ಟಿದ್ದ ಅಪ್ಪ, ಸ್ಟೀಲ್ ಲೋಟದ ಮೇಲೆ ಬೆರಳಿನ ಗುರುತು ಕಂಡರೆ ಮಗನ ಕಿವಿ ಹಿಂಡುತ್ತಿದ್ದರು. ಆಮೇಲೆ ಅವನು ಸೇರಿದ್ದು ಲೇಸರಿನಿಂದ ವಜ್ರ ಕೊಯ್ಯುವ ಕಾರ್ಖಾನೆ. ಲೇಸರ್ ತಗಲಿದ ಹರಳಿಗೆ ಮಸಿ ಹಿಡಿಯುತ್ತದೆ. ಅದನ್ನು ತೊಳೆಯದೆ ಅಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಆ ವರ್ಷಗಳಲ್ಲಿ ಹೆಂಡತಿ ನಳಿನಿ ವಡೋದರಾದಲ್ಲಿ ಟೀಚರಾಗಿದ್ದಳು, ಮಗಳು ಅವಳ ಜೊತೆಗಿದ್ದಳು. ಇವನು ಸೂರತ್‌ನಿಂದ ಭಾನುವಾರ ಬಂದರೆ ಆ ಮಗು ಅಮ್ಮನ ಸೀರೆಯ ಹಿಂದೆ ಅಡಗಿ, "ಅಂಕಲ್ ಆವ್ಯಾ" ಎಂದು, ಅಂಕಲ್ ಬಂದರು ಎಂದು, ಗುಜರಾತಿಯಲ್ಲಿ ಹೇಳುತ್ತಿತ್ತು. ಆ ಮಾತು ಅವನ ಎದೆಯಲ್ಲಿ ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ವಡೋದರಾದಲ್ಲೇ, ಮಕರ್‌ಪುರದ ಲೇಸರ್ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಾಗ ಸಂಬಳ ಕಡಿಮೆಯಾದರೂ ಬಂದುಬಿಟ್ಟ. ಅಲ್ಲೇ ಹತ್ತಿರದ ಮಂಜಲ್‌ಪುರದ ಮನೆಯಲ್ಲಿ ಮೂವರೂ ಒಟ್ಟಿಗೆ ಉಣ್ಣತೊಡಗಿದರು.

ಅಷ್ಟರಲ್ಲಿ ಮಾಲಿಕ ಹಸಮುಖಭಾಯಿ ಒಂದು ಹೊಸ ಕೆಲಸ ಹಿಡಿದು ತಂದರು. ಕೋಲ್ಡ್ ಸ್ಟೋರೇಜಿನವರಿಗೆ ನೀರು ನಿಲ್ಲದ ಸ್ಟೀಲ್ ತಗಡು ಬೇಕಂತೆ. ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಒತ್ತೊತ್ತಾಗಿ ಕೊರೆದರೆ ನೀರು ಅಂಟದೆ ಉರುಳಿ ಹೋಗುತ್ತದೆ ಎಂದು ಯಾರೋ ಹೇಳಿದ್ದರು.

"ಬರುವ ವಾರ ಶನಿವಾರ ಅವರು ನೋಡಲಿಕ್ಕೆ ಬರ್ತಾರೆ ಗುರುಭಾಯ್. ಈ ಆರ್ಡರ್ ಕೈತಪ್ಪಿದರೆ ಲೇಸರ್ ಮೆಷಿನ್ ಮಾರುವುದೇ," ಎಂದರು ಮಾಲಿಕರು.

ಮೆಷಿನ್ ಹೋದರೆ ಅವನಿಗೆ ಮತ್ತೆ ಸೂರತ್ತೇ ಗತಿ. ರಾತ್ರಿ ಊಟಕ್ಕೆ ಕೂತಾಗ ನಳಿನಿಗೂ ಅದನ್ನೇ ಹೇಳಿದ.

ಗುರುಕಿರಣ್ ಗೀರು ಕೊರೆದ. ಹೊಳೆಯುವ ತಗಡು ಕಪ್ಪಾಯಿತು. ನೀರು ಬಿಟ್ಟರೆ ಉರುಳುವುದಿರಲಿ, ಒಣಗಿದ ನೆಲದ ಹಾಗೆ ತಗಡು ಅದನ್ನು ಎಳೆದುಕೊಂಡು ಮೈತುಂಬ ಹರಡಿಕೊಂಡಿತು. ಸಂಜೆ ಸ್ಪಿರಿಟ್ ಹಾಕಿ ತಿಕ್ಕಿ ಒರೆಸಿಟ್ಟ. ಮರುದಿನವೂ ಅದೇ ಕತೆ. ಗೀರಿನ ಅಂತರ ಬದಲಿಸಿದ, ವೇಗ ಬದಲಿಸಿದ, ಬೇರೆ ತಗಡು ಹಾಕಿದ. ತೊಳೆಯುವುದೊಂದನ್ನು ಮಾತ್ರ ಬದಲಿಸಲಿಲ್ಲ. ಕೊನೆಗೆ ರೇಗಿಹೋಗಿ, ಆಗಷ್ಟೇ ಕೊರೆದ ಒಂದನ್ನು ಹಾಗೆಯೇ ಚೀಲಕ್ಕೆ ತುರುಕಿ ಮನೆಗೆ ತಂದು, ಒಲೆಯ ಪಕ್ಕದ ಕಟ್ಟೆಯ ಮೇಲೆ ಎಸೆದ. ಆಮೇಲೆ ನಾಲ್ಕೈದು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಳಿನಿ ಅಕ್ಕಿ ತೊಳೆಯುತ್ತಿದ್ದಳು.

"ಓ ಇಲ್ಲಿ ಬನ್ನಿ ಮಾರಾಯ್ರೆ. ಇದೆಂತದು ನೋಡಿ."

ಅವಳ ಕೈಯಿಂದ ಸಿಡಿದ ಹನಿಗಳು ಕಪ್ಪು ತಗಡಿನ ಮೇಲೆ ಗುಂಡಗೆ ನಿಂತು, ಅವಳು ಅದನ್ನು ಸ್ವಲ್ಪ ವಾಲಿಸಿದ್ದೇ ತಡ, ಉರುಳಿ ಕೆಳಗೆ ಬಿದ್ದವು. ತಗಡು ಒದ್ದೆಯೇ ಆಗಿರಲಿಲ್ಲ.

"ಇದಕ್ಕೆ ಎಂತ ಹಾಕಿದ್ದು ನೀನು?"

"ನಾನ್ಯಾಕೆ ಹಾಕ್ಲಿ? ಮುಟ್ಟಲೇ ಇಲ್ಲ."

ಗುರುಕಿರಣ್ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. ಈಗ ಅವನಿಗೆ ಹೊಳೆಯಿತು. ಹೊಸದಾಗಿ ಕೊರೆದ ಲೋಹ ನೀರಿಗೆ ಹಾತೊರೆಯುತ್ತದೆ. ಗಾಳಿಯಲ್ಲಿ ಇದ್ದೂ ಇಲ್ಲದಂತಿರುವ ಜಿಡ್ಡು ಮೆಲ್ಲಗೆ ಅದರ ಗೀರುಗಳ ಮೇಲೆ ಕೂತ ಮೇಲೆಯೇ ಅದು ನೀರನ್ನು ದೂರ ತಳ್ಳುವುದು. ಆ ಜಿಡ್ಡನ್ನು ಇವನು ದಿನಾ ಸಂಜೆ ತಿಕ್ಕಿ ತೆಗೆಯುತ್ತಿದ್ದ, ಅದೂ ಬಹಳ ಶ್ರದ್ಧೆಯಿಂದ.

ಶನಿವಾರ ಆ ತಗಡನ್ನೇ ಒಯ್ದ. ಬಂದವರು ನೀರು ಸುರಿದರು, ಓರೆ ಮಾಡಿದರು, ಇನ್ನೊಮ್ಮೆ ಸುರಿದರು. ಯಾವ ಎಣ್ಣೆ ಬಳಿದಿದ್ದು ಎಂದು ಕೇಳಿದರು.

"ಏನೂ ಇಲ್ಲ. ತೊಳೆಯುವುದು ಬಿಟ್ಟೆ, ಅಷ್ಟೇ," ಎಂದ ಗುರುಕಿರಣ್.

ಆರ್ಡರ್ ಸಿಕ್ಕಿತು. ಮೆಟ್ಟಿಲು ಹಾರಿಕೊಂಡು ಮನೆಗೆ ಬಂದು ಸುದ್ದಿ ಹೇಳಿದ. ನಳಿನಿ ನಕ್ಕಳು, ಕೈ ಒರೆಸಿಕೊಂಡು ಸೂರತ್‌ನ ಅಡಾಜಣ್‌ನಲ್ಲಿರುವ ಅವನ ಅಕ್ಕನಿಗೆ ಫೋನ್ ಹಚ್ಚಿದಳು.

"ಅತ್ತಿಗೆ, ಆ ಮನೆ ನಮಗೆ ಬೇಡ ಅಂತ ಹೇಳಿಬಿಡಿ. ಶಾಲೆಯಲ್ಲಿ ಸೀಟು ಕೇಳಿದ್ರಲ್ಲ, ಅದೂ ಬೇಡ."

"ಯಾವ ಮನೆ? ಯಾರಿಗೆ ಸೀಟು?" ಎಂದ ಗುರುಕಿರಣ್.

"ಮನೆ ನಮಗೇ, ಸೂರತ್‌ನಲ್ಲಿ. ಸೀಟು ಮಗಳಿಗೆ. ಇಲ್ಲಿ ಕೆಲಸ ಬಿಡ್ತೇನೆ ಅಂತ ಹೆಡ್‌ಮಿಸ್ ಹತ್ರ ಹೇಳಿಯೂ ಆಗಿತ್ತು. ನಿಮ್ಮನ್ನು ಮತ್ತೆ ಒಬ್ಬರನ್ನೇ ಕಳಿಸ್ತೇನೆ ಅಂತ ಗ್ರಹಿಸಿದ್ರಾ?"

"ನನಗೆ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ."

ಅನ್ನುತ್ತಿದ್ದ, ನಿಜ. ಗುರುಕಿರಣ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.