ನಂದಿಗುಡಿಯವರು ಬರುವ ಮುಂಚೆ ಒಂದು ಕ್ರಿಸ್‌ಮಸ್ ಸಿನಿಮಾ

ಆ ಸಿನಿಮಾ ಆರಿಸಿದವಳು ನಾನೇ. ಮೊಬೈಲಿನಲ್ಲಿ ತಡಕಾಡಿ, ಮುತ್ತು ಕೊಡುವ ದೃಶ್ಯ ಕಡಿಮೆ ಇರುವ, ಕನ್ನಡಕ್ಕೆ ಡಬ್ ಆಗಿರುವ, ಕೊನೆಗೆ ಎಲ್ಲರೂ ನಗುವಂಥ ಒಂದು ಕ್ರಿಸ್‌ಮಸ್ ಸಿನಿಮಾ ಹುಡುಕಿಟ್ಟುಕೊಂಡಿದ್ದೆ. ಆಗ ನಾನು ಹರಿಹರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅದೇ ಶಾಲೆಯ ಗಣಿತದ ಮೇಷ್ಟ್ರು ಕ್ರಿಶ್ಚಿಯನ್ನರ ಹುಡುಗ. ಮದುವೆಯಾದರೆ ಅವನನ್ನೇ ಎಂದು ನಾನು ನಿರ್ಧರಿಸಿಯಾಗಿತ್ತು. ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇತ್ತ ಕ್ರಿಸ್‌ಮಸ್ಸಿನ ಮಾರನೆಯ ದಿನವೇ ನಂದಿಗುಡಿಯಿಂದ ಬೇರೊಬ್ಬ ಹುಡುಗನ ಮನೆಯವರು ವೀಳ್ಯಶಾಸ್ತ್ರಕ್ಕೆ ಬರುವವರಿದ್ದರು. ಎಲೆ ಅಡಿಕೆ ಬದಲಾಯಿಸಿಕೊಂಡರೆ ನಮ್ಮವರಲ್ಲಿ ಮದುವೆ ಅರ್ಧ ಮುಗಿದ ಹಾಗೆ. ಅಷ್ಟರೊಳಗೆ ನಾನು ಬಾಯಿ ಬಿಡಬೇಕಿತ್ತು.

ನೇರವಾಗಿ ಹೇಳಿಬಿಡಬಹುದಿತ್ತಲ್ಲ ಎನ್ನುವವರು ನಮ್ಮಪ್ಪನನ್ನು ನೋಡಿಲ್ಲ. ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ. ಮಾತು ಬಿಡುತ್ತಾನೆ. ಆದರೆ ಇದೇ ಅಪ್ಪ ಸಿನಿಮಾ ನೋಡುತ್ತ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾನೆ. ಅವ್ವನಂತೂ ಸೋಪಿನ ಜಾಹೀರಾತಿಗೂ ಅಳುವವಳು. ಮನಸ್ಸು ಮೆತ್ತಗಾದ ಹೊತ್ತಿನಲ್ಲಿ ಹೇಳಿಬಿಡಬೇಕು ಎಂಬುದು ನನ್ನ ಉಪಾಯ. ವಿಜ್ಞಾನದ ಟೀಚರ್ ನೋಡಿ, ಕಾದಾಗ ಬಡಿದರೆ ಕಬ್ಬಿಣ ಬಾಗುತ್ತದೆ ಎಂದು ನಂಬಿದ್ದೆ.

ಕ್ರಿಸ್‌ಮಸ್ ದಿನ ಮಧ್ಯಾಹ್ನ, ಊಟಕ್ಕೆಂದು ಬಟ್ಟೆ ಅಂಗಡಿಯಿಂದ ಸರಸ್ವತಿ ನಗರದ ಮನೆಗೆ ಬಂದ ಅಪ್ಪನನ್ನು ಹಿಡಿದು ಟಿವಿ ಮುಂದೆ ಕೂಡಿಸಿದೆ. ಅಜ್ಜಿ ಗೋಡೆಗೆ ಒರಗಿದಳು. ಅವ್ವ ನಾಳೆಯ ಹೋಳಿಗೆಗೆ ಕಡಲೆಬೇಳೆ ಆರಿಸುತ್ತ ಕೂತಳು.

ಕಥೆ ಸರಳ. ಪಟ್ಟಣದ ಹುಡುಗಿಗೆ ಪಟ್ಟಣದಲ್ಲೇ ಮದುವೆ ಗೊತ್ತಾಗಿದೆ. ಹಬ್ಬಕ್ಕೆಂದು ಹಿಮ ಬೀಳುವ ಸಣ್ಣ ಊರಿಗೆ ಹೋಗುತ್ತಾಳೆ. ಅಲ್ಲಿ ಬೇಕರಿ ನಡೆಸುವವನೊಬ್ಬ ಸಿಗುತ್ತಾನೆ. ಅವನು ನಗಿಸುತ್ತಾನೆ, ಮಕ್ಕಳಿಗೆ ಬಿಸ್ಕೆಟ್ ಹಂಚುತ್ತಾನೆ. ಗೊತ್ತಾದ ಹುಡುಗ ಮಾತ್ರ ಯಾವಾಗಲೂ ಫೋನಿನಲ್ಲಿ, ಯಾವಾಗಲೂ ಆಫೀಸಿನ ಗಡಿಬಿಡಿಯಲ್ಲಿ. ಇವನನ್ನು ಬಿಟ್ಟು ಬೇಕರಿಯವನನ್ನು ಕಟ್ಟಿಕೊಳ್ಳಲಿ ಎಂದು ನೋಡುವವರಿಗೆ ಅನಿಸಲೆಂದೇ ಮಾಡಿದ ಸಿನಿಮಾ. ಜಗತ್ತಿನಲ್ಲೆಲ್ಲ ಹಾಗೇ ಅನಿಸಿರಬೇಕು, ನಮ್ಮ ಮನೆಯೊಂದನ್ನು ಬಿಟ್ಟು.

“ಆ ಹುಡುಗಿ ಬರೀ ತಲೀಲಿ ಹಿಮದಾಗೆ ಓಡಾಡ್ತಾಳಲ್ಲ, ನೆಗಡಿ ಆಗಲ್ವಾ?” ಎಂದಳು ಅವ್ವ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬೇಕರಿಯವನು ಹುಡುಗಿಯ ಮೂಗಿಗೆ ಹಿಟ್ಟು ಹಚ್ಚಿದಾಗ ಮೂವರೂ ನಕ್ಕರು. ಇದೇ ಹೊತ್ತು ಅಂದುಕೊಂಡೆ. ಇನ್ನೇನು ಹೇಳಬೇಕು, ಅಷ್ಟರಲ್ಲಿ ಗೊತ್ತಾದ ಹುಡುಗ ಫೋನ್ ಕಿವಿಗಿಟ್ಟುಕೊಂಡೇ ತೆರೆಯ ಮೇಲೆ ಬಂದ.

“ಪಾಪ, ದುಡಿಯೋ ಹುಡುಗ” ಎಂದ ಅಪ್ಪ. “ಹಬ್ಬದ ದಿನಾನೂ ಬಿಡುವಿಲ್ಲ ನೋಡು.”

“ಈ ಬಿಸ್ಕೆಟ್ಟಿನವನಿಗೆ ಬ್ಯಾರೆ ಕೆಲಸ ಇಲ್ಲೇನು?” ಎಂದಳು ಅಜ್ಜಿ. “ಹೊತ್ತು ಮೂಡಿದ್ರೆ ಹುಡುಗಿ ಹಿಂದೇನೇ ಅದಾನೆ.”

ಹುಡುಗಿ ಉಂಗುರ ಬಿಚ್ಚಿ ಕೊಟ್ಟಾಗ ಅಪ್ಪ ನಿಜವಾಗಿಯೂ ಟವೆಲ್ ಕಣ್ಣಿಗೊತ್ತಿಕೊಂಡ. ಅದು ಆ ಫೋನಿನವನಿಗಾಗಿ! ಅವ್ವ ಬೇಳೆ ಆರಿಸುವುದನ್ನು ನಿಲ್ಲಿಸಿ, “ಅವನ ಹೆತ್ತವ್ವಗೆ ಹೆಂಗಾಗಿರಬ್ಯಾಡ” ಎಂದು ಮೂಗು ಸೀಟಿದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಇಟ್ಟಿದ್ದೆ ನಾನು. ಪ್ರೀತಿ ಯಾರ ಕಡೆ ಇರುತ್ತದೆಂದು ಲೆಕ್ಕ ಹಾಕಿದ್ದೆನೇ ಹೊರತು, ಕೊಟ್ಟ ಮಾತು ಯಾರ ಕಡೆ ಇರುತ್ತದೆ, ನಮ್ಮ ಮನೆ ಯಾರ ಕಡೆ ನಿಲ್ಲುತ್ತದೆ ಎಂದು ಯೋಚಿಸಿರಲಿಲ್ಲ. ಭಯವಾಯಿತು. ಆದರೆ ಆ ಮಧ್ಯಾಹ್ನ ದಾಟಿದರೆ ನನಗೆ ಇನ್ನೊಂದು ಮಧ್ಯಾಹ್ನ ಇರಲಿಲ್ಲ.

ಸಿನಿಮಾ ಮುಗಿಯುವ ಮೊದಲೇ ಹೇಳಿದೆ. “ಅಪ್ಪಾ, ನಂದಿಗುಡಿ ಸಂಬಂಧ ನನಗೆ ಬ್ಯಾಡ. ನಮ್ಮ ಶಾಲೆ ಗಣಿತದ ಮೇಷ್ಟ್ರನ್ನ ಮದುವೆ ಆಗ್ತೀನಿ. ಅವರು ಕ್ರಿಶ್ಚಿಯನ್ನರು. ನೀನು ಒಮ್ಮೆ ಅವರ ಜೊತೆ ಮಾತಾಡು, ಸಾಕು.”

ಟಿವಿಯಲ್ಲಿ ಗಂಟೆಗಳು ಮೊಳಗುತ್ತಿದ್ದವು. ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಪ್ಪ ನನ್ನನ್ನು ನೋಡಲಿಲ್ಲ.

ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದ ಹಿಡಿದುಕೊಂಡು, ಬೈಯುವ ದನಿಯಲ್ಲಲ್ಲ, ಲೆಕ್ಕ ತಪ್ಪಿದವರ ದನಿಯಲ್ಲಿ ಹೇಳಿದಳು: “ಹೊರಗಿನ ಹೆಣ್ಣು ತಂದ್ರೆ ಲಿಂಗ ಕಟ್ಟಿ ಒಳಗೆ ಕರ್ಕೊಂಡೇವು ನನ್ನವ್ವ. ಮನೆ ಹೆಣ್ಣು ಹೊರಗೆ ಹೊಂಟ್ರೆ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.”

ಅಪ್ಪ ಎದ್ದು ಮೊಬೈಲ್ ತೆಗೆದುಕೊಂಡ. ನಂದಿಗುಡಿಗೆ ಫೋನ್ ಮಾಡುತ್ತಿದ್ದಾನೆ ಎಂದು ತಿಳಿದಾಗ, ಬರಬೇಡಿ ಎಂದು ಹೇಳುತ್ತಾನೆ ಅಂದುಕೊಂಡೆ. ಒಂದು ಕ್ಷಣ ಖುಷಿಗೆ ಅವನ ಕಾಲಿಗೆ ಬೀಳಬೇಕೆನಿಸಿತು.

“ನಮಸ್ಕಾರ್ರಿ” ಎಂದ ಅಪ್ಪ. “ನಾಳೆ ದಿನ ಚಲೋ ಇಲ್ಲ ಅಂತ ಅಯ್ಯನೋರು ಹೇಳಿದ್ರು. ಇವತ್ತು ಸಂಜೀಕೇ ಬಂದ್ಬಿಡ್ರಿ. ಎಲ್ಲಾ ತಯಾರೈತೆ.”

ಯಾವ ಅಯ್ಯನವರೂ ಏನೂ ಹೇಳಿರಲಿಲ್ಲ. ಅಂಗಡಿಯಲ್ಲಿ ಬಣ್ಣ ಹೋಗುವ ಸೀರೆಯನ್ನು ಹೋಗುತ್ತದೆ ಎಂದೇ ಹೇಳಿ ಮಾರುವ ಮನುಷ್ಯ, ನನ್ನೆದುರು ನಿಂತು ಸುಳ್ಳು ಹೇಳಿದ. ಫೋನ್ ಇಟ್ಟವನು ಅದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖ ನೋಡಿ ಹೆದರಿಕೆಯಾಯಿತು.

ಹಿತ್ತಲಿಗೆ ಓಡಿ ಹರಿಹರಕ್ಕೆ, ಗಣಿತದ ಮೇಷ್ಟ್ರಿಗೆ, ಫೋನ್ ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆ ದಿನ ಅವನ ಮನೆಯ ತುಂಬ ನೆಂಟರು, ಹಬ್ಬದ ಗದ್ದಲ, ಫೋನ್ ಎಲ್ಲಿತ್ತೋ. ಬಸ್ ಹಿಡಿದರೆ ಅವನ ಮನೆ ಎಷ್ಟು ದೂರ? ದಿನವೂ ಓಡಾಡುವ ದಾರಿಯೇ. ಚಪ್ಪಲಿಯನ್ನೂ ಮೆಟ್ಟಿದ್ದೆ. ಆಗ ಅವ್ವ ಹಿಂದಿನಿಂದ ಬಂದು ರಟ್ಟೆ ಹಿಡಿದಳು.

“ನೀನು ಹೋದ್ರೆ ನಾನು ತಡ್ಕೋತೀನಿ” ಎಂದಳು. “ನಿಮ್ಮಪ್ಪ ತಡ್ಕಣಲ್ಲ. ಅವರ ಮುಖ ನೋಡಿದ್ಯಾ? ಬಾ ಒಳಗೆ, ತಲೆ ಬಾಚ್ತೀನಿ.”

ಅವಳು ಬೇಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಅವಳು ಬೇಡಲಿಲ್ಲ, ಅಳುತ್ತಲೂ ಇರಲಿಲ್ಲ. ನಾನು ಒಳಗೆ ಹೋದೆ.

ಸಂಜೆ ಅವರು ಬಂದರು. ಹೋಳಿಗೆ ಆಗಿರಲಿಲ್ಲ, ಉಪ್ಪಿಟ್ಟು ಮಾಡಿದ್ದರು. ಹುಡುಗನ ತಾಯಿ ನನ್ನ ಹಣೆಗೆ ಕುಂಕುಮ ಹಚ್ಚಿ, ಗಲ್ಲ ಹಿಡಿದು ಮುಖ ಎತ್ತಿದರು. “ಅವಸರದಾಗೆ ಬಂದ್ವಿ. ನಿಂಗೆ ಮನಸೈತೇನವ್ವ?” ಎಂದು ಕೇಳಿದರು. ಆ ಇಡೀ ದಿನದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ.

ಅಷ್ಟು ಒಳ್ಳೆಯ ಹೆಂಗಸಿನ ಕಣ್ಣು ನೋಡುತ್ತ ಸುಳ್ಳು ಹೇಳಲಾಗಲಿಲ್ಲ. ನೆಲ ನೋಡುತ್ತ ಹೂಂ ಎಂದೆ. ಹುಡುಗಿಗೆ ನಾಚಿಕೆ ಎಂದು ಎಲ್ಲರೂ ನಕ್ಕರು, ಅಪ್ಪನೂ ನಕ್ಕ.