ಲಿಂಗಕ್ಕೆ ತಂದ ನೀರು

ಅಕ್ಕನನ್ನು ಕೊಟ್ಟಿದ್ದು ಲಿಂಗಸೂಗೂರು ತಾಲ್ಲೂಕಿಗೆ, ಗುರುಗುಂಟಾ ಕಡೆಯ ಒಂದು ಹಳ್ಳಿಗೆ. ನಾನು ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಅಮಾವಾಸ್ಯೆಗೆ ಅಂಗಡಿ ಮುಚ್ಚಿ, ಮಸ್ಕಿ ದಾಟಿ ಅವಳ ಮನೆಗೆ ಹೋಗಿ ಉಂಡು ಬರುವುದು ನನ್ನ ರೂಢಿ. ಅವಳ ಅಂಗೈ ಗಂಟುಗಂಟಾಗಿ ಬಿರಿಯತೊಡಗಿದಾಗ ನಾನು ನಗೆಯಾಡಿದ್ದೆ.

"ರೊಟ್ಟಿ ಬಡದು ಬಡದು ನಿನ್ನ ಕೈ ಎತ್ತಿನ ಗೊರಸು ಆಗ್ಯಾವ ನೋಡಬೇ."

"ತಿನ್ನಾಕೂ ಮುಂದ, ಆಡಿಕೊಳ್ಳಾಕೂ ಮುಂದ" ಎಂದು ಅವಳು ಇನ್ನೊಂದು ರೊಟ್ಟಿ ನನ್ನ ತಾಟಿಗೆ ಒಗೆದಳು.

ಆಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು ಊರ ಬೋರಿನ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೋದಳು. ದಢೇಸುಗೂರಿನವಳು, ನಮ್ಮದೇ ಮಾತು. ಅಕ್ಕನ ಅಂಗೈ ನೋಡಿ ಅವಳು ನಗಲಿಲ್ಲ. ತಿರುಗಿ ಬಂದು, "ನೀರಾಗ ಪಾಷಾಣ ಐತ್ರಿ. ಕಾಸಿದ್ರೂ ಹೋಗಂಗಿಲ್ಲ, ಕುಡೀಬ್ಯಾಡ್ರಿ" ಎಂದಳು. ಅವಳು ಕಚೇರಿಗಳಿಗೆ ಅಲೆದಾಡಿದ್ದರಿಂದಲೇ ಊರಿಗೆ ಫಿಲ್ಟರ್ ನೀರು ಬಂತು. ಓಣಿಯವರೆಲ್ಲ ಅದನ್ನೇ ಹಿಡಿಯತೊಡಗಿದರು.

ಅಕ್ಕನ ಕೈ ಮಾತ್ರ ವಾಸಿಯಾಗಲಿಲ್ಲ. ಹುಡುಗಿ ಬಂದಾಗಲೆಲ್ಲ ಕೇಳುತ್ತಿದ್ದಳು, "ಅಮ್ಮಾರ, ಕುಡಿಯಾಕ ಯಾವ ನೀರ್ರಿ?"

"ಫಿಲ್ಟರ್ ನೀರಾ ಕುಡೀತೀನವ್ವ."

ಅಕ್ಕ ಸುಳ್ಳು ಹೇಳುವವಳಲ್ಲ. ಹುಡುಗಿ ತಲೆ ಕೆಡಿಸಿಕೊಂಡು ಹೋಗುತ್ತಿದ್ದಳು. ನಾನು ಫಿಲ್ಟರನ್ನೇ ಬೈಯುತ್ತಿದ್ದೆ.

ಅಂಗೈಯ ಹುಣ್ಣು ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ಮೇಲೆ ನಾನು ಕೆಲವು ದಿನ ಅವಳ ಮನೆಯಲ್ಲೇ ಉಳಿದೆ. ಆಗ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮೈ ತೊಳೆದುಕೊಂಡು, ಯಾರನ್ನೂ ಮುಟ್ಟದೆ, ಬಟ್ಟೆ ಸುತ್ತಿದ ಕೈಯಲ್ಲೇ ಹಳೆಯ ಬೋರು ಜಗ್ಗಿ ಅಕ್ಕ ಪೂಜೆಗೆ ಅಗ್ಗವಣಿ ತಂದಳು. ಲಿಂಗಕ್ಕೆ ಎರೆದು ತೀರ್ಥ ತೆಗೆದುಕೊಂಡಳು. ಅದೇ ನೀರಿನಲ್ಲಿ ಎಡೆಯ ಅಡಿಗೆ ಮಾಡಿದಳು. ಭಾವ ಹೋದಂದಿನಿಂದ ಎರಡು ಹೊತ್ತೂ ಆ ಪ್ರಸಾದವೇ ಅವಳ ಊಟ.

"ಇದು ಪಾಷಾಣ ಅಲ್ಲೇನಬೇ ಅಕ್ಕಾ?" ಎಂದು ಚೀರಿದೆ.

"ರೊಕ್ಕ ಹಾಕಿ ಹಿಡದ ನೀರು ಲಿಂಗಕ್ಕ ಎರೀಲೇನೋ ತಮ್ಮಾ? ಪೂಜಿ ಆದ ಮ್ಯಾಲ ಅದು ಬೋರಿನ ನೀರಲ್ಲ."

ನಾನು ಕೂಡಲೇ ಹುಡುಗಿಗೆ ಫೋನ್ ಮಾಡಿದೆ. ಮರುದಿನವೇ ಬಂದು ಅಕ್ಕನ ಕಾಲ ಬಳಿ ಕೂತಳು. "ನಮ್ಮ ಮನ್ಯಾಗೂ ಲಿಂಗ ಐತ್ರಿ ಅಮ್ಮಾರ. ಆದ್ರೂ ನನಗ ಕೇಳಬೇಕಂತ ಹೊಳೀಲಿಲ್ಲ" ಎಂದು ಅತ್ತಳು. ಅವಳ ಅಳು ನೋಡಲಾರದೆ ಅಕ್ಕ ಒಪ್ಪಿದಳು. ಅಂದಿನಿಂದ ಲಿಂಗಕ್ಕೂ ಫಿಲ್ಟರ್ ನೀರು ನಾನೇ ತಂದುಕೊಟ್ಟೆ. ಅಷ್ಟರಲ್ಲಿ ರೋಗ ಕಂಕುಳಿಗೆ ಏರಿತ್ತು. ಜೋಳದ ರಾಶಿ ಆಗುವ ಮೊದಲೇ ಅಕ್ಕನನ್ನು ಹೊಲದಲ್ಲಿ ಮಣ್ಣು ಮಾಡಿ ಬಂದೆವು.

ಈಗ ಆ ಹುಡುಗಿ ಮಸ್ಕಿ ಕಡೆಯ ಹಳ್ಳಿಗಳಲ್ಲೂ ತಿರುಗುತ್ತಾಳೆ. ಯಾರ ಹೊಸ್ತಿಲಲ್ಲಿ ನಿಂತರೂ ಮೊದಲು ಕೇಳುವುದು ಒಂದೇ: "ಲಿಂಗಕ್ಕ ಯಾವ ನೀರು ತರ್ತೀರಿ?" ಹೆಂಗಸರು ಇದ್ದದ್ದು ಇದ್ದಂತೆ ಹೇಳುತ್ತಾರೆ, ನೀರು ಬದಲಿಸುತ್ತಾರೆ, ಬದುಕಿಕೊಳ್ಳುತ್ತಾರೆ. ನನಗೆ ಸಂತೋಷವೇ. ಆದರೆ ಆ ಒಂದು ಪ್ರಶ್ನೆ ಹುಟ್ಟಲು ನನ್ನ ಅಕ್ಕ ಸಾಯಬೇಕಾಯಿತು.